ಓಬಮ್ಮನ ಎಂಟು ಮರ

ಮಚ್ಚು ನನ್ನ ಕತ್ತಿನಿಂದ ಒಂದು ಗೇಣು ದೂರದಲ್ಲಿತ್ತು.

ಹಿಡಿದವಳು ಓಬಮ್ಮ. ಅರವತ್ತು ದಾಟಿದ ಹೆಂಗಸು. ದಂಡಿನಶಿವರದ ಹತ್ತಿರದ ತೋಟದಲ್ಲಿ, ತನ್ನ ಎಂಟು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಈರೇಶ ಕಳ್ಸಿದ್ನಾ?"

"ಹೂಂ ಕಣವ್ವಾ... ಮಾತಾಡೋಕೆ ಅಷ್ಟೇ."

ನನ್ನ ಕಸುಬೇ ಅದು ಸ್ವಾಮಿ. ತಿಪಟೂರು ಸುತ್ತಮುತ್ತ ಜಮೀನಿನ ತಕರಾರು ಬಿಡಿಸುವುದು.

ಈರೇಶ್ ಕೊಬ್ಬರಿ ವ್ಯಾಪಾರ ಬಿಟ್ಟು ಹೊಸದಾಗಿ ಲೇಔಟ್ ದಂಧೆಗೆ ಇಳಿದಿದ್ದ. ಓಬಮ್ಮನ ಅಣ್ಣ ರಂಗರಾಜುವಿನ ತೋಟ ಕೊಂಡಿದ್ದ. ಸೈಟು ಮಾಡಿ, ಮನೆ ಕಟ್ಟಿ ಮಾರುವ ಪ್ಲಾನು. ಒಳಗೆ ಹೋಗುವ ರಸ್ತೆಗೆ ಈ ಎಂಟು ಮರ ಅಡ್ಡ. ಬಳಸಿ ಹೋದರೆ ಒಂದು ಸೈಟು ಹೋಗುತ್ತದೆ.

ಓಬಮ್ಮನ ಮದುವೆಯಲ್ಲಿ ಅವಳಪ್ಪ ಅರಿಶಿನ-ಕುಂಕುಮಕ್ಕೆಂದು ಬಿಟ್ಟ ಮರ ಅವು. ನೆಲ ಅಣ್ಣನದು, ಕಾಯಿ ಅವಳು ಇರುವವರೆಗೆ ಅವಳದು. ಕಾಗದವಿಲ್ಲ, ಬರೀ ಬಾಯಿಮಾತು. ನೆಲ ಕೈ ಬದಲಾದರೂ ನಮ್ಮ ಕಡೆ ಅದನ್ನು ಯಾರೂ ಮೀರುವುದಿಲ್ಲ.

"ರಸ್ತೆ ಒಸಿ ಪಕ್ಕಕ್ಕೆ ತಿರುಗ್ಸು ಅಂತ ಹೇಳ್ತೀನಿ. ನಿಮ್ಮಣ್ಣನ ಮುಂದೇನೇ ತೀರ್ಮಾನ ಮಾಡನ, ಬಾರವ್ವ."

"ನಾನ್ ಅತ್ಲಾಗ್ ಹೋದ್ರೆ ಕೆಡವ್ತಾರೆ ಕಣಪ್ಪ."

"ನಾನಿದೀನಲ್ಲ."

ನಂಬಿದಳು, ಪಾಪ.

ರಂಗರಾಜುವಿನ ಜಗಲಿಯ ಮೇಲೆ ಕೂತೆವು. ಅವನು ತಲೆ ಎತ್ತಲಿಲ್ಲ. ತಂಗಿಗೆ ಕಾಫಿ ಕುಡಿ ಎಂದೂ ಅನ್ನಲಿಲ್ಲ. ನನಗೆ ಅನುಮಾನ ಬಂತು... ಅಷ್ಟರಲ್ಲಿ ತೋಟದ ಕಡೆಯಿಂದ ಜೆಸಿಬಿ ಸದ್ದು!

"ಏನಣ್ಣ ಅದು?" ಅಂದಳು ಓಬಮ್ಮ.

"ಮರಾನೂ ಸೇರ್ಸಿ ಮಾರಾಯ್ತು... ಬುಡವ್ವ."

ನಾನು ಬೈಕ್ ಹತ್ತಿದೆ. ಬದುವಿನ ಮೇಲೆ ಜಾರಿ ಬಿದ್ದೆ. ಬೈಕ್ ಅಲ್ಲೇ ಬಿಟ್ಟು ಓಡಿದೆ. ಜೆಸಿಬಿ ಮುಂದೆ ನಿಂತು ಕೈ ಅಡ್ಡ ಹಿಡಿದೆ.

ಕೊನೆಯ ಮರ ನನ್ನ ಪಕ್ಕದಲ್ಲೇ ಉರುಳಿತು.

ಅಲ್ಲೇ ನಿಂತಿದ್ದ ಈರೇಶ್‌ನ ಕಾಲರ್ ಹಿಡಿದೆ. "ಮಾತಾಡೋಕೆ ಅಂದಿದ್ದೆ ನೀನು."

"ಅವಳನ್ನ ಇಲ್ಲಿಂದ ಎಬ್ಸೋಕೆ ಕಳ್ಸಿದ್ದು ಕಣ್ಲಾ. ಚೆನ್ನಾಗೇ ಮಾಡ್ದೆ ಬುಡು."

ಓಬಮ್ಮ ಏದುಸಿರು ಬಿಡುತ್ತಾ ಬಂದಳು. ಉರುಳಿದ ಮರದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಚ್ಚು ಬೀಸಿದ್ದರೇ ವಾಸಿಯಿತ್ತು.

ಸುದ್ದಿ ತುರುವೇಕೆರೆವರೆಗೂ ಹೋಯಿತು. ಸೈಟಿಗೆ ಹೆಸರು ಕೊಟ್ಟವರೆಲ್ಲ ಇದೇ ಸೀಮೆಯವರು. ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಯವರು ಹಾಲಸ್ವಾಮಿ ಮೇಷ್ಟ್ರು.

"ಹೆಣ್ಣುಮಗಳ ಅರಿಶಿನ-ಕುಂಕುಮ ಕಿತ್ತ ಜಾಗದಲ್ಲಿ ಹೊಸ್ತಿಲು ಇಡಕ್ಕಾಗಲ್ಲ ಕಣ್ರೀ."

ಓಬಮ್ಮ ಈಗ ಕಂಡವರ ಕೊಬ್ಬರಿಯ ಚಿಪ್ಪು ಬಿಡಿಸುವ ಕೂಲಿಗೆ ಹೋಗುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಈರೇಶ್‌ನ ರಸ್ತೆ ಮಾತ್ರ ಪಸಂದಾಗಿದೆ. ಅಗಲವಾಗಿ, ನೇರವಾಗಿ... ಹೋಗಿ ತಲುಪಲು ಒಂದು ಮನೆಯೂ ಇಲ್ಲ.