ನೂಕುಗಾಡಿ ಶೆಟ್ಟೆಪ್ಪ

ಅವ್ವನ ಬಂಗಾರದ ಬೋರಮಾಳ ಅಕ್ಕನ ಕೊರಳಾಗ ಕಂಡ ದಿನದಿಂದ ಶೆಟ್ಟೆಪ್ಪಗ ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು. ಅವ್ವ ಹಾಸಗಿ ಹಿಡಿದಾಗ ಹೇಸದ ಬಳದು ತೊಳದಾಕಿ ಅವನ ಹೆಂಡತಿ ಭಾಗ್ಯಾ. ಅಕ್ಕ ಶಿವವ್ವ ಹಬ್ಬಕ್ಕೊಮ್ಮೆ ಯಮಕನಮರಡಿಯಿಂದ ಬಂದು, ಅವ್ವನ ತಲಿ ಸವರಿ, ಕಣ್ಣೀರು ಹಾಕಿ ಹೋಗಾಕಿ. ಕಡೀಕ ಬಂಗಾರ ಹೋದದ್ದು ಯಾರ ಕೊರಳಿಗೆ? ಅವ್ವ ಕೈಯಾರೆ ಕೊಟ್ಟಾಳ ಅಂತ ಅಕ್ಕ ಹೇಳತಿದ್ಲು. ಸತ್ತಾಕಿನ್ನ ಎಬ್ಬಿಸಿ ಸಾಕ್ಷಿ ಕೇಳಾಕ ಆಗತೈತೇನು? ಭಾಗ್ಯಾ ಮಾತ್ರ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಆಕಿ ಬೈದಿದ್ದರ ಅವನಿಗೆ ಅಷ್ಟು ಉರೀತಿದ್ದಿಲ್ಲ.

ಅವ್ವನ ವರ್ಷದ ದಿನ ಬೀಗರೆಲ್ಲ ಕೂಡಿದಾಗ ಅವ ತಡಕೊಳ್ಳದ ಕೂಗಾಡಿಬಿಟ್ಟ. ಬೋರಮಾಳ ನನ್ನ ಮನೀದು, ಇವತ್ತಲ್ಲ ನಾಳೆ ಒಯ್ತೇನಿ ಅಂದ. ಆಗ ಅಕ್ಕನ ಮೈದುನ, ಟೆಂಪೋ ಹೊಡಿಯೂ ಬಾಳೇಶ, ಎಲಿ ಮುಂದ ಕುಂತಲ್ಲಿಂದನ ಹೇಳಿದ:

"ಒಯ್ಯಾಕ ಬರ್ರಿ ಶೆಟ್ಟೆಪ್ಪಣ್ಣಾ. ಆದರ ನಿಮ್ಮ ಚೀನಾ ಗಾಡೀ ಮ್ಯಾಲ ಇವತ್ತ ಹೊಂಟರ ಮುಂದಿನ ವರ್ಷದ ಊಟಕ್ಕ ಮುಟ್ಟತೀರಿ."

ಪಂಕ್ತಿಗೆ ಪಂಕ್ತೀನ ನಕ್ಕಿತು. ಶೆಟ್ಟೆಪ್ಪನ ಮಾರಿ ಸುಟ್ಟ ಬದನಿಕಾಯಿ ಆತು. ಆದರ ಮನಿಗೆ ಬಂದು ಹೊರಳಾಡಿ ಹೊರಳಾಡಿ ಯೋಚನಿ ಮಾಡಿದಾಗ, ಆ ನಗೀ ಒಳಗ ಅವನಿಗೊಂದು ದಾರಿ ಕಾಣಿಸ್ತು.

ಗಾಡಿ ಕತಿ ಕಲ್ಲೋಳಿಯಾಗ ಎಲ್ಲಾರಿಗೂ ಗೊತ್ತಿದ್ದದ್ದ. ಚೀನಾದಿಂದ ಡಬ್ಬಿಯೊಳಗ ಬಿಡಿಬಿಡಿಯಾಗಿ ಬಂದು, ಗೋಕಾಕದ ಒಂದು ತಗಡಿನ ಶೆಡ್ಡಿನ್ಯಾಗ ಜೋಡಣಿಯಾದ ಕರೆಂಟಿನ ಸ್ಕೂಟರ್. ಗಿಳಿಹಸಿರು ಬಣ್ಣ. ಲೈಸೆನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ, ಪೆಟ್ರೋಲ್ ಬ್ಯಾಡ, ಮ್ಯಾಲ ಸಸ್ತಾ. ತುಕ್ಕಾನಟ್ಟಿ, ಮೂಡಲಗಿ ತಿರುಗಿ ಅಂಗಡಿಗೋಳಿಗೆ ಊದಿನಕಡ್ಡಿ, ಕರ್ಪೂರ ಹಾಕೂ ಶೆಟ್ಟೆಪ್ಪಗ ಇನ್ನೇನು ಬೇಕು? ಮದಲ ಮದಲ ರಾಜನಂಗ ತಿರುಗಿದ. ಆಮ್ಯಾಲ ಬ್ಯಾಟರಿ ದಮ್ಮು ಕಟ್ಟಾಕ ಹತ್ತಿತು. ಏರು ಬಂತಂದರ ನಿಂತಿತು, ಮಳಿ ಬಂತಂದರ ನಿಂತಿತು. ಕೇಳಾಕ ಹೋದರ ಗಾಡಿ ಮಾರಿದ ಅಂಗಡೀನ ಇಲ್ಲ, ಅಲ್ಲಿ ಬೇಕರಿ ಆಗಿತ್ತು. ಗೋಕಾಕದ ಮೆಕ್ಯಾನಿಕ್ ಸೂರಜ ಸೀಟು ಎತ್ತಿ ನೋಡಿ, ಇದು ಗಾಡಿ ಅಲ್ರಿ ಕಾಕಾ, ಮಿಕ್ಸರು, ಮಿಕ್ಸರ್ ರಿಪೇರಿಯವರ ಕಡೆ ಒಯ್ರಿ ಅಂದ. ಖರೇನ ಮಿಕ್ಸರ್ ರಿಪೇರಿಯವನ ಅದನ್ನ ಅಷ್ಟಿಷ್ಟು ನಡಿಯೂ ಹಂಗ ಮಾಡಿಕೊಟ್ಟ. ಹೋದ ಅಂಗಡ್ಯಾಗೆಲ್ಲ ಶೆಟ್ಟೆಪ್ಪ ವ್ಯಾಪಾರಕ್ಕಿಂತ ಮದಲ ಪ್ಲಗ್ಗು ಎಲ್ಲೈತಿ ಅಂತ ಕೇಳತಿದ್ದ. ನೂಕುಗಾಡಿ ಶೆಟ್ಟೆಪ್ಪ ಅಂತ ಹೆಸರ ಬಿತ್ತು.

ಇಂಥಾ ಗಾಡೀ ಮ್ಯಾಲ ಯಮಕನಮರಡಿಗೆ ಹೋಗಿ ಕಳವು ಮಾಡ್ಯಾನ ಅಂದರ ದೇವರೂ ನಂಬಂಗಿಲ್ಲ. ಅವನ ಯುಕ್ತಿಯ ಬೇರು ಅದ ಇತ್ತು.

ಸಂಕೇಶ್ವರದಾಗ ಅಪಘಾತಾಗಿ ಬಿದ್ದ ಒಂದು ಒಳ್ಳೇ ಕರೆಂಟಿನ ಗಾಡಿಯ ಬ್ಯಾಟರಿ ತಂದ. ವೈರಿನ ಬಣ್ಣ ಹೊಂದಿಸಿಕೋತ ತಾನ ಕುಂತು ಜೋಡಿಸಿದ. ಭಾಗ್ಯಾಗೂ ಹೇಳಲಿಲ್ಲ. ಒಂದಿನ ನಸುಕಿನ್ಯಾಗ ಹುಕ್ಕೇರಿ ದಾರಿ ಹಿಡಿದು ನೋಡಿದ. ಆ ದರಿದ್ರ ಗಾಡಿ ಏರಿನ್ಯಾಗ ಕುದುರಿ ಹಂಗ ಹೊಂಟಾಗ ಅವನಿಗೆ ಅಳು ಬಂದಂಗಾತು. ಹಿಂಗ ಇದ್ದಿದ್ದರ ಜನ ನಗತಿದ್ದಿಲ್ಲಲ್ಲ ಅಂತ ಹಲ್ಲು ಕಡಿದ.

ಆದರ ಊರಾಗ ಮದಲಿನಂಗನ ನಡಕೊಂಡ. ಕಲ್ಲೋಳಿ ಕ್ರಾಸಿಗೆ ಬಂದಕೂಡಲೇ ಬೇಕಂತನ ಗಾಡಿ ನಿಲ್ಲಿಸೂದು, ಸೀಟಿಗೆ ಗುದ್ದೂದು, ಚೀನಾದವರ ಹಣೇಬಾರಕ್ಕ ಬೈಕೋತ ನೂಕೂದು. ಜನ ನಗತಿದ್ದರು, ಕೈಯೂ ಹಚ್ಚತಿದ್ದರು. ನಗರ್ರಿ, ಇನ್ನೂ ನಗರ್ರಿ ಅಂತ ಅವ ಒಳಗೊಳಗ ಅನಕೋತಿದ್ದ.

ಇನ್ನ ಅಕ್ಕನ ಮನಿ ಖಾಲಿ ಇರಬೇಕು, ಬೋರಮಾಳ ಮಾತ್ರ ಒಳಗಿರಬೇಕು. ಮದಿವಿಗೆ ಹೋದರ ಆಕಿ ಹಾಕ್ಕೊಂಡ ಹೋಗತಾಳ. ತಾಳಿ ಬಿಟ್ಟು ಬಂಗಾರೆಲ್ಲ ತಗದಿಟ್ಟು ಹೋಗೂದು ಒಂದ ಕಡೆ: ಯಾರರ ಸತ್ತಾಗ ಮಣ್ಣಿಗೆ. ಕಾಕತಿಯಾಗ ಅಕ್ಕನ ಗಂಡನ ಕಾಕಾ ಅಲ್ಲಪ್ಪ ಇವತ್ತೋ ನಾಳೆಯೋ ಅನ್ನೂ ಹಂಗ ಮಲಗಿದ್ದ. ಶೆಟ್ಟೆಪ್ಪ ವಾರಕ್ಕೊಮ್ಮೆ ಫೋನ್ ಹಚ್ಚಿ, ಕಾಕಾ ಹೆಂಗದಾರ ಅಂತ ಕೇಳಾಕ ಹತ್ತಿದ. ಜಗಳ ಮರತು ತಮ್ಮ ಎಷ್ಟು ಕಾಳಜಿ ಮಾಡತಾನಂತ ಅಕ್ಕಗ ಕರಳು ಚುರ್ ಅಂತು. ಮುದುಕ ಗಂಜಿ ಕುಡಿದ ಅಂದರ ಇವ ಇಲ್ಲಿ, ಹಾಳಾದ ಜೀವ, ಅದೆಷ್ಟು ಗಟ್ಟಿ ಐತ್ಯೋ ಅಂತ ಬೈಕೋತ ಹಿತ್ತಲಾಗ ಅಡ್ಡಾಡತಿದ್ದ.

ಕಡೀಕೊಂದು ಮುಂಜಾನೆ ಕಾಕಾ ಹ್ವಾದರು ಅಂತ ಅಕ್ಕನ ಫೋನ್ ಬಂತು. ಶೆಟ್ಟೆಪ್ಪ ಲೊಚಗುಟ್ಟಿದ. ಗಾಡಿ ಗೋಕಾಕದ ತನಕ ಎಳದರ ಅಲ್ಲಿಂದ ಬಸ್ ಹಿಡದು ಮಣ್ಣಿಗೆ ಬರತೇನಿ, ಇಲ್ಲಂದರ ನನ್ನ ದಾರಿ ಕಾಯಬ್ಯಾಡ್ರಿ ಅಂದ. ಫೋನ್ ಮನ್ಯಾಗ ಚಾರ್ಜಿಗೆ ಬಿಟ್ಟ. ಅದನ್ನ ಒಯ್ದರ ಎಲ್ಲಿದ್ದನಂತ ಪೊಲೀಸರು ಹುಡುಕತಾರ, ಅಷ್ಟು ತಿಳುವಳಿಕಿ ಅವನಿಗಿತ್ತು. ಯಾರರ ಕೇಳಿದರ ಉತ್ತರ ತಯಾರಿತ್ತು: ಗೋಕಾಕದ ರಸ್ತ್ಯಾಗ ಗಾಡಿ ಸತ್ತಿತು, ದಿನಪೂರ್ತಿ ನೂಕಿದೆ. ಇದನ್ನ ನಂಬದವ ಈ ತಾಲೂಕಿನ್ಯಾಗ ಹುಟ್ಟಿಲ್ಲ. ದಾರ್ಯಾಗ ಯಾರರ ನೋಡಿದರ? ನೋಡಲಿ. ಬರಕೊಳ್ಳಾಕ ನಂಬರಿಲ್ಲ, ತಲೀ ಮ್ಯಾಲ ಹೆಲ್ಮೆಟ್ ಐತಿ. ನೂಕುಗಾಡಿ ಯಮಕನಮರಡ್ಯಾಗ ಓಡಾಕತ್ತಿತ್ತು ಅಂದರ, ಅಂದವನಿಗೇ ಜನ ನಗತಾರ.

ಘಟಪ್ರಭಾ ದಾಟಿದ, ಹುಕ್ಕೇರಿ ದಾಟಿದ. ಗಾಡಿ ಎಲ್ಲೂ ಕೆಮ್ಮಲಿಲ್ಲ. ಹಿಂದ ಯಾವುದೋ ಟೆಂಪೋ ಹಾರ್ನ್ ಹೊಡದಾಗೊಮ್ಮೆ ಬದಿಗೆ ಸರಿದ, ಆದರ ತಿರುಗಿ ನೋಡಲಿಲ್ಲ. ಸೀದಾ ಅಕ್ಕನ ಓಣಿಗೆ ಹೊಂಟ. ಓಣಿ ಮಂದಿ ಎಲ್ಲಾ ಕಾಕತಿಗೆ ಹೋಗಿತ್ತು. ಕೀಲಿಕೈ ಬಾಗಲ ಮ್ಯಾಲಿನ ಸಂದಿನ್ಯಾಗ, ಬೋರಮಾಳ ಜ್ವಾಳದ ಡಬ್ಬ್ಯಾಗ. ಅವ್ವನೂ ಹಿಂಗ ಇಡತಿದ್ಲು. ಕಾಳಿನೊಳಗ ಮೊಣಕೈ ಮಟ ಕೈ ಹಾಕಿದಾಗ ಬಂಗಾರದ ಗುಂಡು ಬೆರಳಿಗೆ ತಾಗಿದವು. ಅವ್ವಾ ಅಂದ, ಅಷ್ಟ. ಕಾಳು ಸಮಾ ಮಾಡಿ, ಕೀಲಿ ಹಾಕಿ ಹೊಂಟುಬಂದ.

ಹೊತ್ತು ಇಳಿಯೂದರಾಗ ಕಲ್ಲೋಳಿ ಹತ್ತಿರ ಬಂದು, ಗಾಡಿ ಬಂದ್ ಮಾಡಿ, ಮಾರಿಗೆ ಧೂಳು ಬಳಕೊಂಡು ನೂಕಾಕ ಹತ್ತಿದ. ಕ್ರಾಸಿನ ಚಹಾದಂಗಡಿ ಮುಂದ ಜನ ಇದ್ದರು. ಅವತ್ತು ಒಬ್ಬರೂ ಕೈ ಹಚ್ಚಾಕ ಬರಲಿಲ್ಲ. ಎಲ್ಲಾರೂ ಅವನ ಕಡೆ ನೋಡಿ ನಕ್ಕರು, ಒಬ್ಬಾಂವ ಚಪ್ಪಾಳಿ ಸೈತ ತಟ್ಟಿದ. ಶೆಟ್ಟೆಪ್ಪಗ ಆ ನಗಿ ಯಾಕೋ ಸರಿ ಬರಲಿಲ್ಲ. ಲಗೂ ಲಗೂ ನೂಕಿ ಮನಿ ಮುಟ್ಟಿದ. ಗೋಕಾಕದ ರಸ್ತ್ಯಾಗ ಮುಂಜಾನಿಂದ ನೂಕಿ ನೂಕಿ ರಟ್ಟಿ ಬಿದ್ದವು ಅಂತ ಭಾಗ್ಯಾಗ ಹೇಳಿ ಕಟ್ಟೀ ಮ್ಯಾಲ ಕುಂತ.

ಭಾಗ್ಯಾ ಒಳಗ ಹೋಗಿ, ಮುಂಜಾನಿಂದ ಬಡಕೊಳ್ಳಾಕತ್ತಿದ್ದ ಫೋನ್ ತಂದು ಅವನ ಕಿವಿಗೆ ಹಿಡಿದಳು. ಅತ್ತೂ ಅತ್ತೂ ಅಕ್ಕನ ಧ್ವನಿ ಬಿದ್ದಿತ್ತು. "ತಮ್ಮಾ, ಕಾಕಾನ ಮಣ್ಣಿಗಂತ ಆ ಗಾಡೀ ಮ್ಯಾಲ ನಮ್ಮೂರ ತನಕ ಬಂದೀಯಲ್ಲೋ. ನಮ್ಮ ಬಾಳೇಶ ನಿನ್ನ ಹಿಂದನ ಟೆಂಪೋದಾಗ ಇದ್ನಂತ, ಹಾರ್ನ್ ಹೊಡದರೂ ನೀ ತಿರುಗಿ ನೋಡಲಿಲ್ಲಂತ. ಶೆಟ್ಟೆಪ್ಪಣ್ಣನ ಗಾಡಿ ನಿಲ್ಲದ ಹೊಂಟೈತಿ ಅಂತ ಬಾಯಿಲೆ ಹೇಳಿದರ ಯಾರೂ ನಂಬಂಗಿಲ್ಲಂತ, ಹುಕ್ಕೇರಿಯಿಂದ ನಮ್ಮ ಮನಿ ಬಾಗಲದ ತನಕಾ ವಿಡಿಯೋ ಹಿಡದು ನಿಮ್ಮ ಕಲ್ಲೋಳಿಯವರಿಗೂ, ಎಲ್ಲಾರಿಗೂ ಕಳಿಸ್ಯಾನ. ಇಲ್ಲಿ ಮಣ್ಣಿಗೆ ಬಂದ ಮಂದಿ ಎಲ್ಲಾ ನೋಡಿ ನಿನ್ನ ಹೊಗಳಾಕತ್ತೈತಿ. ಮನಿಗೆ ಹೋಗಿ ಯಾರೂ ಇಲ್ಲಂತ ತಿರುಗಿ ಹ್ವಾದ್ಯೇನೋ? ಕೀಲಿಕೈ ಎಲ್ಲಿರತೈತಿ ನಿನಗ ಗೊತ್ತೈತಲ್ಲೋ, ಒಳಗ ಹೋಗಿ ಒಂದು ಗುಟುಕು ನೀರರ ಕುಡದ್ಯೋ ಇಲ್ಲೋ?"