ನೀಲಿ ಕಾರ್ಡಿನ ಕಾರಣ

ನೀಲಿ ಕಾರ್ಡು ಎತ್ತಿದವನು ಅವನೊಬ್ಬನೇ.

ಉಳಿದವರ ಕೈಯಲ್ಲೆಲ್ಲ ಕಿತ್ತಳೆ ಬಣ್ಣದ ಕಾರ್ಡು. ಬಾಗಿಲ ಪಕ್ಕದ ಮಡಚುವ ಕುರ್ಚಿಯಲ್ಲಿ, ಉದ್ದ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಕುಳಿತಿದ್ದ ಆ ಫಿಜಿಯವನ ಕೈಯಲ್ಲಿ ಮಾತ್ರ ನೀಲಿ.

ರೋವೇನಾಗೆ ಮೈ ಉರಿಯಿತು. ಯಾರಿವನು? ಇವತ್ತೇ ಮೊದಲು ಬಂದಿದ್ದಾನೆ... ಬಂದವನೇ ಅಡ್ಡಗಾಲು ಹಾಕಬೇಕೇ?

ಮರ್ರಂಬಿಜ್ಜಿ ನದಿಯ ದಂಡೆಯ ಆ ಪುಟ್ಟ ಊರಿನ ಚರ್ಚಿನಲ್ಲಿ ಚಳಿಗಾಲದ ಗುರುವಾರಗಳೆಂದರೆ ಸೂಪು ಮತ್ತು ನ್ಯಾಯ. ಮೊದಲು ಎಲ್ಲರಿಗೂ ಬಿಸಿ ಸೂಪು, ಆಮೇಲೆ ಸುತ್ತ ಕೂತು ಲೋಕದ ಅನ್ಯಾಯಗಳ ಚರ್ಚೆ, ಕೊನೆಗೆ ಒಂದು ಪ್ರಸ್ತಾಪ. ಕೈಯೆತ್ತಿಸಿ ಎಣಿಸುವ ಪದ್ಧತಿ ಅಲ್ಲಿಲ್ಲ. ಮನಸ್ಸು ಬೆಚ್ಚಗಾದವರು ಕಿತ್ತಳೆ ಕಾರ್ಡು ಎತ್ತಬೇಕು, ತಣ್ಣಗಾದವರು ನೀಲಿ. ನೀಲಿ ಎತ್ತಿದವರನ್ನು ಬೈಯುವಂತಿಲ್ಲ. "ಕಾರಣ?" ಎಂದು ಕೇಳಿ, ಅವರು ಹೇಳುವುದನ್ನು ಕೊನೆಯವರೆಗೂ ಬಾಯಿ ಮುಚ್ಚಿಕೊಂಡು ಆಲಿಸಬೇಕು. ಅಲ್ಲಿಯವರೆಗೆ ಪ್ರಸ್ತಾಪ ಮುಂದೆ ಹೋಗುವಂತಿಲ್ಲ.

ಪದ್ಧತಿಯೇನೋ ಚೆನ್ನಾಗಿದೆ. ಆದರೆ ಅಲ್ಲಿನ ಕಿತ್ತಳೆ ಕಾರ್ಡುಗಳ ಅಂಚೆಲ್ಲ ಸವೆದಿದ್ದವು, ನೀಲಿಯವು ಹೊಸದಾಗಿಯೇ ಉಳಿದಿದ್ದವು. ನಯವಾದ ಜನ ನೋಡಿ, ಎದುರಿಗೆ ಬೇಡ ಅನ್ನುವುದು ಯಾರಿಗೂ ಬಾರದು.

ಆ ದಿನದ ಪ್ರಸ್ತಾಪ ರೋವೇನಾಳದ್ದೇ. ಕಿತ್ತಳೆ ತೋಟಗಳಲ್ಲಿ ಹಣ್ಣು ಬಿಡಿಸಲು ಫಿಜಿಯಂಥ ದ್ವೀಪಗಳಿಂದ ಬಂದ ಕೆಲಸಗಾರರಿಗೆ ಕಂಬಳಿ ಹಂಚಬೇಕೆಂದು. ಇದಕ್ಕೂ ಬೇಡ ಅನ್ನುವವರಿದ್ದಾರೆಯೇ?

"ಕಾರಣ?" ಎಂದಳು ಬಿಗಿಯಾಗಿ.

ಅವನು ಎದ್ದು ನಿಂತ. "ನನ್ ಹೆಸರು ಇನೋಕೆ. ಆ ಕೆಲಸಗಾರರಲ್ಲಿ ನಾನೂ ಒಬ್ಬ, ಮೇಡಂ. ಕಂಬಳಿ ನಮ್ಮತ್ರ ಇವೆ. ನೀವು ಕಂಬಳಿ ತಂದ್ರೆ ಬಾಗಿಲಲ್ಲೇ ಕೊಟ್ಟು ಹೋಗ್ಬಿಡ್ತೀರ. ಬರೋದಾದ್ರೆ ಬರಿಗೈಲಿ ಬನ್ನಿ. ಒಳಗೆ ಬಂದು ಕೂತ್ಕೊಂಡು ಒಂದ್ ಲೋಟ ಟೀ ಕುಡೀರಿ. ಇಷ್ಟು ವರ್ಷದಲ್ಲಿ ಈ ಊರಿನೋರು ಯಾರೂ ನಮ್ಮನೇಲಿ ಟೀ ಕುಡಿದಿಲ್ಲ."

ಎತ್ತಿದ್ದ ಕಿತ್ತಳೆ ಕಾರ್ಡುಗಳು ಒಂದೊಂದಾಗಿ ಕೆಳಗಿಳಿದವು. ಸೂಪಿನ ಪಾತ್ರೆಯ ಯಜಮಾನಿ, ಎಂಬತ್ತರ ಬೆರಿಲ್ ಅಜ್ಜಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಕೇಳಿಸ್ತೇನೇ ರೋವೇನಾ? ಟೀಗೆ ಕರೀತಿದಾನೆ. ನೀನು ಬೇರೆಯೋರ ಮನೇಲಿ ಟೀ ಕುಡಿದು ಎಷ್ಟು ಕಾಲ ಆಯ್ತು?"

ಅಜ್ಜಿ ತಮಾಷೆಗೆ ಅಂದದ್ದು. ರೋವೇನಾಗೆ ಅದು ಎದೆಗೇ ನಾಟಿತು.

ಯಾಕೆಂದರೆ ಉತ್ತರ ಅವಳಿಗೂ ನೆನಪಿರಲಿಲ್ಲ. ನಲವತ್ತು ದಾಟಿದ ಹೆಣ್ಣು. ಕೂಡಿಬಂದಿದ್ದ ಒಂದು ಮದುವೆ ತಾಯಿಯ ಕಾಯಿಲೆಯ ನಡುವೆ ಮುರಿದುಬಿತ್ತು, ಆಮೇಲೆ ತಾಯಿಯೂ ಹೋದಳು. ಹಗಲು ಊರಿನ ಗ್ರಂಥಾಲಯದಲ್ಲಿ ಕೆಲಸ, ಸಂಜೆ ಖಾಲಿ ಮನೆ. ಒಬ್ಬಳಿಗೆ ಮೇಜು ಹಾಕುವುದೇಕೆಂದು ಅಡುಗೆಮನೆಯ ಸಿಂಕಿನ ಮುಂದೆ ನಿಂತೇ ಉಣ್ಣುತ್ತಿದ್ದಳು. ಉಂಡ ಬಟ್ಟಲನ್ನು ಅಲ್ಲೇ ತೊಳೆದು ಮಗುಚಿಡುತ್ತಿದ್ದಳು. ಲೋಕದ ನೋವಿಗೆಲ್ಲ ಮಿಡಿಯುವವಳಿಗೆ, ಸಂಜೆಯ ಆ ಒಂದು ಬಟ್ಟಲನ್ನು ಕಂಡರೆ ಮಾತ್ರ ಭಯವಾಗುತ್ತಿತ್ತು.

ಭಾನುವಾರ ಅವಳು ಬರಿಗೈಯಲ್ಲಿ ಹೋದಳು.

ತೋಟದಾಚೆಯ ಹಳೇ ಮನೆ. ಬಾಗಿಲಲ್ಲಿ ರಾಶಿ ಬೂಟು. ಒಳಗೆ ಚಾಪೆಯ ಮೇಲೆ ಬೇಯಿಸಿದ ಮರಗೆಣಸು, ತೆಂಗಿನ ಹಾಲಿನಲ್ಲಿ ಕುದಿಸಿದ ಮೀನು. ಇನೋಕೆಯ ದೊಡ್ಡಪ್ಪನ ಮಗಳು ವಾಸಿತಿ ಆ ಮನೆಗೆಲ್ಲ ಹಿರಿಯಳು. ಅವಳೂ ಹಣ್ಣು ಬಿಡಿಸುವವಳೇ. ಅವಳು ರೋವೇನಾಳ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು.

"ಸಾಕು, ಸಾಕು..."

"ಸಾಕು ಅನ್ನೋರ ಮೈ ನೋಡಿದ್ರೆ ಗೊತ್ತಾಗುತ್ತೆ," ಎಂದಳು ವಾಸಿತಿ. "ನಿಮ್ಮೂರಲ್ಲಿ ಊಟ ಮಾಡೋ ರೂಢಿ ಇಲ್ವೇನಮ್ಮಾ?"

ಅಷ್ಟು ಜನರ ನಡುವೆ ನೆಲದ ಮೇಲೆ ಕೂತು ಉಂಡಾಗ ರೋವೇನಾಳ ಕಣ್ಣು ತುಂಬಿತು. ಮೆಣಸಿನಕಾಯಿ ಖಾರ ಎಂದು ಸುಳ್ಳು ಹೇಳಿದಳು. ಇನೋಕೆ ನೀರಿನ ಲೋಟ ಮುಂದಿಟ್ಟ.

ಆಮೇಲೆ ಅವನು ಗುರುವಾರ ತಪ್ಪಿಸಲಿಲ್ಲ. ಚರ್ಚೆ ಮುಗಿದು ಎಲ್ಲರೂ ಹೊರಟ ಮೇಲೆ ಅವನು ಸೂಪಿನ ಬಟ್ಟಲು ತೊಳೆಯುವುದು, ಅವಳು ಒರೆಸುವುದು. ಅವನಿಗೆ ಹೆಂಡತಿ ಇಲ್ಲ, ತೀರಿಹೋಗಿ ವರ್ಷಗಳಾಗಿವೆ. ಮಗಳು ಊರಲ್ಲಿ ಅಜ್ಜಿಯ ಹತ್ತಿರ. ಹೀಗೆ ಒಂದೊಂದು ಬಟ್ಟಲಿಗೆ ಒಂದೊಂದು ಮಾತು ಹೊರಬರುತ್ತಿತ್ತು.

ಬರಬರುತ್ತಾ ರೋವೇನಾ ಬ್ರೆಡ್ಡಿಗೆ ಬೇರೆ ತಟ್ಟೆ ಇಡತೊಡಗಿದಳು. ಬೆಣ್ಣೆಗೆ ಇನ್ನೊಂದು.

"ಏನೇ ಇದು, ಮದುವೆ ಮನೆ ಥರ ಪಾತ್ರೆ?" ಎಂದಳು ಬೆರಿಲ್ ಅಜ್ಜಿ. "ತೊಳೆಯೋರು ಸಿಕ್ಕಿದಾರೆ ಅಂತಾನಾ?"

ರೋವೇನಾ ಕಿವಿಯವರೆಗೂ ಕೆಂಪಾದಳು.

ಒಂದು ಗುರುವಾರ ಅವನ ಕೈ ನೊರೆಯ ನೀರಿನಲ್ಲೇ ನಿಂತುಬಿಟ್ಟಿತು.

"ಹೋದ ವರ್ಷ ಅಪ್ಪ ತೀರಿಕೊಂಡ್ರು," ಎಂದ ನಿಧಾನವಾಗಿ. "ಮೇಸ್ತ್ರಿ ಹೇಳಿದ, ಕೆಲಸದ ಮಧ್ಯೆ ಹೋದ್ರೆ ವಾಪಸ್ ಬರಬೇಡ ಅಂತ. ಮಗಳ ಓದು ಇತ್ತಲ್ಲ... ಹೋಗ್ಲಿಲ್ಲ. ಮಣ್ಣು ಮಾಡೋದನ್ನ ಫೋನಲ್ಲಿ ನೋಡಿದೆ. ಶೆಡ್ಡಿನ ಟಾಯ್ಲೆಟ್ಟಲ್ಲಿ ಚಿಲಕ ಹಾಕ್ಕೊಂಡು. ಶಬ್ದ ಆಚೆ ಬರಬಾರದು ಅಂತ ಟೋಪಿ ಕಚ್ಕೊಂಡು ಅತ್ತೆ."

"ಇನೋಕೆ..."

"ವಾಸಿತಿ ಅಕ್ಕಂಗೂ ಹೇಳಿಲ್ಲ. ಸಿಗ್ನಲ್ ಸಿಗ್ಲಿಲ್ಲ, ನೋಡಕ್ಕಾಗ್ಲಿಲ್ಲ ಅಂದೆ. ನೋಡಿದ್ದೆ ಅಂದ್ರೆ ಯಾಕೆ ನನ್ನ ಕರೀಲಿಲ್ಲ ಅಂತಾಳೆ. ಅವಳಿಗೆ ಚಿಕ್ಕಪ್ಪ ಅಲ್ವಾ... ಅವಳೆದುರು ಅಳೋ ಧೈರ್ಯ ನನಗಿರ್ಲಿಲ್ಲ."

ರೋವೇನಾ ಒದ್ದೆ ಬಟ್ಟೆಯ ಸಮೇತ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಆ ಕ್ಷಣಕ್ಕೆ ಅವಳಿಗೆ ತಿಳಿದುಹೋಯಿತು, ತಾನು ಇವನನ್ನು ಪ್ರೀತಿಸುತ್ತಿದ್ದೇನೆ ಎಂದು. ಮತ್ತು ಪ್ರೀತಿಸಿದವಳು ಏನು ಮಾಡಿದಳು ಕೇಳಿ.

ಅಲ್ಲಿನ ಚಳಿಗಾಲ ಮುಗಿಯುವ ಸೆಪ್ಟೆಂಬರಿನಲ್ಲಿ ದೊಡ್ಡ ಗುರುವಾರ. ಸುತ್ತಲಿನ ಊರುಗಳ ಚರ್ಚಿನವರೂ, ಪತ್ರಿಕೆಯವರೂ ಬಂದಿದ್ದರು. ವಾಸಿತಿ ಕೂಡ ಸೂಪಿನ ಬಟ್ಟಲು ಹಿಡಿದು ಹಿಂದಿನ ಸಾಲಿನಲ್ಲಿದ್ದಳು. ರೋವೇನಾ ಮಾತಿಗೆ ನಿಂತವಳು ಆ ಕಥೆ ಹೇಳಿದಳು. ಶೆಡ್ಡು, ಚಿಲಕ, ಟೋಪಿ, ಒಂದನ್ನೂ ಬಿಡಲಿಲ್ಲ.

ಹೆಸರು ಹೇಳಲಿಲ್ಲ, ನಿಜ. 'ಇಲ್ಲಿ ಆಡಿದ ಮಾತು ಇಲ್ಲೇ ಉಳಿಯಲಿ' ಎಂಬ ನಿಯಮ ಗೋಡೆಯ ಮೇಲೇ ಇತ್ತು, ಬರೆದಂಟಿಸಿದವಳೂ ಅವಳೇ. ಸಿಂಕಿನ ಮುಂದೆ ಆಡಿದ್ದು ಚರ್ಚೆಯಲ್ಲಿ ಆಡಿದ್ದಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೆ 'ಕಳೆದ ವರ್ಷ ತಂದೆಯನ್ನು ಕಳೆದುಕೊಂಡ ನಮ್ಮ ಫಿಜಿ ಗೆಳೆಯ' ಎಂದರೆ ಆ ಊರಿನಲ್ಲಿ ಇನ್ಯಾರು?

ಜನ ಕಣ್ಣೊರೆಸಿಕೊಂಡರು. ಈ ಕಥೆಯನ್ನು ಪತ್ರಿಕೆಗೆ ಕೊಡೋಣವೆಂದು ಪ್ರಸ್ತಾಪ ಬಂತು. ಸಭಾಂಗಣವೆಲ್ಲ ಕಿತ್ತಳೆ.

ಬಾಗಿಲ ಪಕ್ಕದಲ್ಲಿ ಒಂದು ನೀಲಿ.

ರೋವೇನಾ ಅತ್ತ ತಿರುಗಿದಳು. "ಕಾ... ಕಾರಣ?"

ಇನೋಕೆ ಅವಳನ್ನೇ ನೋಡಿದ. "ಇಲ್ಲ," ಎಂದ. ಕಾರ್ಡನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದ. ಅವನ ಹಿಂದೆಯೇ, ಬಟ್ಟಲನ್ನು ನೆಲದ ಮೇಲಿಟ್ಟು ವಾಸಿತಿಯೂ ಹೊರಟಳು.

ಕಾರಣ ಸಿಗದ ಪ್ರಸ್ತಾಪ ಅಲ್ಲಿಗೇ ನಿಂತಿತು. ಬಟ್ಟಲುಗಳನ್ನೆಲ್ಲ ಆ ದಿನ ಅವಳೊಬ್ಬಳೇ ತೊಳೆದಳು.

'ಅವನಿಗಾಗಿ ಅಷ್ಟು ಜನರ ಮುಂದೆ ನಿಂತೆ... ಅವನೇ ಕೈಕೊಟ್ಟ. ಮೇಸ್ತ್ರಿಗೆ ಹೆದರಿದ, ಅಷ್ಟೇ. ಹೋಗಲಿ ಬಿಡು.'

ಹೋಗಲಿ ಬಿಡು ಎಂದರೆ ಹೋಗುತ್ತದೆಯೇ? ಮುಂದಿನ ಗುರುವಾರ ಬಾಗಿಲ ಪಕ್ಕದ ಕುರ್ಚಿ ಖಾಲಿ. ಅದರ ಮುಂದಿನ ಗುರುವಾರವೂ ಖಾಲಿ. ಫೋನ್ ಎತ್ತಿ ಎತ್ತಿ ನೋಡುತ್ತಾಳೆ, ತಾನೇ ಮಾಡಲು ಬಿಗುಮಾನ. ಮನೆಯ ಸಿಂಕಿನ ಮುಂದೆ ನಿಂತು ಉಣ್ಣುತ್ತಾಳೆ, ಒಂದೇ ಬಟ್ಟಲು ತೊಳೆಯುತ್ತಾಳೆ. ಮೊದಲೂ ಒಂಟಿಯೇ ಇದ್ದಳು. ಆದರೆ ಜೊತೆ ಹೇಗಿರುತ್ತದೆ ಎಂದು ತಿಳಿದ ಮೇಲಿನ ಒಂಟಿತನ ಇನ್ನೂ ಕೆಟ್ಟದ್ದು.

ಶುಕ್ರವಾರ ಅಂಗಡಿಯಲ್ಲಿ ವಾಸಿತಿ ಎದುರಾದಳು. ಗಾಡಿಯ ತುಂಬ ಇನೋಕೆಯ ಮಗಳಿಗೆಂದು ಬಟ್ಟೆ, ಚಾಕೊಲೇಟು.

"ಕೊಯ್ಲು ಮುಗೀತು," ಎಂದಳು ಬಿಗುವಾಗಿ. "ನಾಳೆ ಮಧ್ಯಾಹ್ನದ ಬಸ್ಸಿಗೆ ಇನೋಕೆ ಹೊರಡ್ತಾನೆ. ಮುಂದಿನ ವರ್ಷ ಬೇರೆ ಊರು ಕೇಳಿದಾನಂತೆ."

ರೋವೇನಾಳ ಕೈಯ ಬುಟ್ಟಿ ಜಾರಿತು. "ಬೇರೆ ಊರಾ... ನಾನು ಅವರ ಪರವಾಗಿ ತಾನೇ ಮಾತಾಡಿದ್ದು, ವಾಸಿತಿ? ಏನು ತಪ್ಪು ಮಾಡಿದೆ?"

ವಾಸಿತಿ ಗಾಡಿ ನಿಲ್ಲಿಸಿದಳು.

"ನನ್ನ ಚಿಕ್ಕಪ್ಪ ಸತ್ತಿದ್ದಕ್ಕೆ ನಾನು ಆಗಲೇ ಅತ್ತಿದ್ದೆ. ಆದ್ರೆ ನನ್ನ ತಮ್ಮ ಟೋಪಿ ಕಚ್ಕೊಂಡು ಅತ್ತಿದ್ದನ್ನ ನನಗೆ ಹೇಳಿದ್ದು ಅವನಲ್ಲ, ನೀನು. ಊರವರ ಮಧ್ಯೆ, ನಾನು ಸೂಪ್ ಕುಡೀತಿರೋವಾಗ. ಅವನು ಮನೆಗೆ ಬಂದು ನನ್ನ ಮುಖ ನೋಡಕ್ಕಾಗ್ದೆ ಗೋಡೆ ಕಡೆ ತಿರುಗಿ ಮಲಗಿದ. ಮೇಸ್ತ್ರಿ ಅವನ ಕೈಲಿ ದುಡಿಸ್ಕೊಂಡ. ನೀನು ಅವನ ದುಃಖಾನೇ ತಗೊಂಡೆ. ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಷ್ಟೋ ಗುರುವಾರ ನ್ಯಾಯದ ಪಾಠ ಹೇಳಿದವಳು ಅಂಗಡಿಯ ನಡುವೆ ತಲೆ ತಗ್ಗಿಸಿ ನಿಂತಳು. ಕಣ್ಣೀರು ತಡೆಯಲಾಗಲಿಲ್ಲ.

"ಹೇಗೆ ಕ್ಷಮೆ ಕೇಳಲಿ? ಫೋನ್ ಮಾಡ್ಲಾ?"

"ಫೋನಾ?" ವಾಸಿತಿಯ ದನಿ ಸ್ವಲ್ಪ ಮೆತ್ತಗಾಯಿತು. "ನಮ್ಮಲ್ಲಿ ಕ್ಷಮೆನ ನಿಂತ್ಕೊಂಡು ಕೇಳಲ್ಲ. ಕಾವಾ ಅಂತ, ನಾವು ಅರೆದು ಕುಡಿಯೋ ಬೇರಿನ ಕಟ್ಟು ತಗೊಂಡು ಬಂದು, ಬಾಗಿಲ ಹತ್ರ ನೆಲದ ಮೇಲೆ ಕೂತು, ತಲೆ ಬಗ್ಗಿಸಿ ಕೇಳ್ತಾರೆ. ಆಮೇಲೆ ಕಾಯ್ತಾರೆ. ನೊಂದೋರು ಆ ಕಟ್ಟನ್ನ ಮುಟ್ಟಿದ್ರೆ ಕ್ಷಮಿಸಿದ ಹಾಗೆ. ಮುಟ್ಟದೇ ಹೋದ್ರೆ ಎದ್ದು ಹೋಗ್ಬೇಕು. ವಾದ ಮಾಡಂಗಿಲ್ಲ."

"ಬೇರು..."

"ನನ್ ಪೆಟ್ಟಿಗೇಲಿದೆ. ಕೊಡ್ತೀನಿ." ಗಾಡಿ ತಳ್ಳುತ್ತಾ ವಾಸಿತಿ ತಿರುಗಿದಳು. "ನನಗೂ ಸೇರಿಸಿ ಕೇಳು."

ಶನಿವಾರ ಬೆಳಿಗ್ಗೆ. ಆ ಮನೆಯ ಬಾಗಿಲಲ್ಲಿ ಇನೋಕೆಯ ಚೀಲ ಕಟ್ಟಿಟ್ಟಿತ್ತು.

ರೋವೇನಾ ಬೂಟು ಕಳಚಿ, ಹೊಸ್ತಿಲ ಪಕ್ಕ ನೆಲದ ಮೇಲೆ ಕುಳಿತಳು. ಮಣ್ಣಿನ ವಾಸನೆಯ ಆ ಬೇರಿನ ಕಟ್ಟನ್ನು ಮುಂದಿಟ್ಟಳು. ಒಳಗೆ ವಾಸಿತಿ ಗೋಡೆಗೊರಗಿ ಕುಳಿತಿದ್ದಳು, ಇನೋಕೆ ಅವಳ ಪಕ್ಕ.

"ಇನೋಕೆ, ನಿಮ್ಮ ದುಃಖ ನನ್ನದಲ್ಲ. ನೀವು ನಂಬಿ ಕೊಟ್ಟಿದ್ದನ್ನ ನಾನು ಕೇಳದೆ ಎತ್ತಿ ಹಂಚಿದೆ. ಅಕ್ಕ ತಮ್ಮನ ಮಧ್ಯೆ ಇರಬೇಕಾದ್ದು ನನ್ನ ಬಾಯಲ್ಲಿ ಬಂತು. ಒಳ್ಳೇದು ಮಾಡ್ತಿದೀನಿ ಅನ್ನೋ ಜಂಬ ನನ್ನದು. ಇಬ್ರೂ ಕ್ಷಮಿಸಿ."

ಇನ್ನೂ ಹೇಳಲು ಬೇಕಾದಷ್ಟಿತ್ತು. ಹೇಳಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳು ಮಾತು ನಿಲ್ಲಿಸಿ ಕಾದಳು. ಹೊರಗೆ ತೋಟದಲ್ಲಿ ಗಿಳಿಗಳ ಗಲಾಟೆ. ಚಾಪೆಯ ಅಂಚು ಬಿಟ್ಟು ಬೇರೇನನ್ನೂ ನೋಡುವ ಧೈರ್ಯ ಅವಳಿಗಿರಲಿಲ್ಲ.

ಮೊದಲು ಚಾಚಿದ್ದು ವಾಸಿತಿಯ ಕೈ. ಅವಳು ಕಟ್ಟನ್ನು ಮುಟ್ಟಿ ತಮ್ಮನ ಮುಖ ನೋಡಿದಳು.

ಬಹಳ ಹೊತ್ತಾಯಿತು. ಆಮೇಲೆ ಹಣ್ಣು ಬಿಡಿಸಿ ಒರಟಾದ ಇನ್ನೊಂದು ಕೈ ಅದರ ಮೇಲೆ ಬಂತು. ಇನೋಕೆ ಅಂಗೈ ಬಟ್ಟಲು ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಕ್ಷಮೆಯಾಯಿತು.

"ಟೀ ಇಡ್ತೀನಿ," ಎಂದು ವಾಸಿತಿ ಎದ್ದಳು. "ಬೇಗ ಕುದಿಯಲ್ಲ ನಮ್ಮನೆ ಒಲೆ. ಮಾತಾಡಿ."

ಇಬ್ಬರೇ ಉಳಿದರು.

"ಆ ದಿನ ಕಾರಣ ಯಾಕೆ ಹೇಳ್ಲಿಲ್ಲ?" ಎಂದಳು ರೋವೇನಾ.

"ಹೇಳಿದ್ರೆ ಅಷ್ಟು ಜನದ ಮುಂದೆ ನಿನ್ನ ತಲೆ ತಗ್ಗೋದು," ಎಂದ ಇನೋಕೆ. ನೀವು ಹೋಗಿ ನೀನು ಆದದ್ದು ಇಬ್ಬರ ಗಮನಕ್ಕೂ ಬಂತು. "ಸಿಟ್ಟಿತ್ತು ನನಗೆ. ತುಂಬಾನೇ ಇತ್ತು. ಆದ್ರೂ ಅದು ಬೇಡ ಅನ್ನಿಸ್ತು."

ರೋವೇನಾ ತನ್ನ ಚೀಲದಿಂದ ಎರಡು ಕಾರ್ಡು ತೆಗೆದು ಅವನ ಮುಂದಿಟ್ಟಳು, ಒಂದು ಕಿತ್ತಳೆ, ಒಂದು ನೀಲಿ.

"ಒಂದು ಪ್ರಸ್ತಾಪ ಇದೆ. ಮುಂದಿನ ಚಳಿಗಾಲಕ್ಕೆ... ಇದೇ ಊರಿಗೆ ವಾಪಸ್ ಬನ್ನಿ. ಬಾ. ನಾನು ಕಾಯ್ತಾ ಇರ್ತೀನಿ."

ಅವನು ಕಾರ್ಡುಗಳನ್ನು ನೋಡಿದ. ನೀಲಿಯನ್ನು ಎತ್ತಿದ.

ಅವಳಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು... ಆದರೆ ಪದ್ಧತಿ ಪದ್ಧತಿಯೇ. ಕೇಳಲೇಬೇಕು, ಕೊನೆಯವರೆಗೂ ಆಲಿಸಲೇಬೇಕು.

"ಕಾರಣ?" ಎಂದಳು.

"ಚಳಿಗಾಲಕ್ಕೆ ಬಂದು ಬೇಸಿಗೆಗೆ ಹೋಗೋದು ಹಣ್ಣು ಬಿಡಿಸೋ ಕೆಲಸಕ್ಕೆ ಸರಿ ರೋವೇನಾ, ಇದಕ್ಕಲ್ಲ. ಮೊದಲು ನೀನು ನಮ್ಮೂರಿಗೆ ಬಾ. ಬರಿಗೈಲಿ ಬಾ. ನನ್ನ ಮಗಳ ಜೊತೆ ಕೂತು ಊಟ ಮಾಡು. ಹೋದ ಬೇಸಿಗೇಲಿ ಊರಿಗೆ ಹೋದಾಗ್ಲೂ ಅಪ್ಪನ ಸಮಾಧಿ ಹತ್ರ ನಾನು ಹೋಗಿಲ್ಲ. ಒಬ್ನೇ ಹೋಗಕ್ಕೆ ಭಯ ಆಗುತ್ತೆ. ಪಕ್ಕದಲ್ಲಿ ನೀನಿದ್ರೆ... ಜೋರಾಗಿ ಅಳಬಹುದು ಅನ್ಸುತ್ತೆ. ಬಾಗಿಲಲ್ಲೇ ಕೊಟ್ಟು ಹೋಗೋ ಪ್ರೀತಿ ಬೇಡ ನನಗೆ. ಒಳಗೆ ಬಂದು ಇದ್ದುಬಿಡೋ ಪ್ರೀತಿ ಬೇಕು."

ರೋವೇನಾ ಚಾಪೆಯ ಮೇಲೆ ಉಳಿದಿದ್ದ ಕಿತ್ತಳೆ ಕಾರ್ಡನ್ನು ಎತ್ತಿ ಎದೆಗೊತ್ತಿ ಹಿಡಿದಳು.

ಇನೋಕೆ ಅವಳ ಕಣ್ಣೊರೆಸಿದ. "ನಿಮ್ಮಲ್ಲಿ ಕಿತ್ತಳೆ ಎತ್ತಿದೋರನ್ನ ಯಾರೂ ಏನೂ ಕೇಳಲ್ಲ, ಅಲ್ವಾ?"

"ಕೇಳಲ್ಲ."

"ನಾನು ಕೇಳ್ತೀನಿ. ಕಾರಣ?"

ಅವಳು ಅಳುತ್ತಲೇ ನಕ್ಕಳು.

"ಒಂದೇ ಬಟ್ಟಲು ತೊಳೆದು ತೊಳೆದು ಸಾಕಾಗಿದೆ, ಇನೋಕೆ."