ಮೆಟ್ಟಿಲಿಗೊಮ್ಮೆ ನಿಲ್ಲುವ ಪುಟ್ಟ

"ಮೊದಲು ನಿಮ್ಮ ಕುದುರೇನ ನಮ್ಮಮ್ಮನ ಮೇಲಿಂದ ಎಬ್ಬಿಸಿ!"

ಹೊಲಿಗೆ ಅಂಗಡಿಯಿಂದ ಬಂದವಳು ಕೊರಳಿನ ಅಳತೆ ಟೇಪನ್ನೂ ತೆಗೆದಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅಮ್ಮ ಬಿದ್ದಿದ್ದಳು. ಅವಳಿಗೆ ಅಡ್ಡಲಾಗಿ ಕರುವಿನಷ್ಟು ದೊಡ್ಡ ಗ್ರೇಟ್ ಡೇನ್ ನಾಯಿ ಮಲಗಿತ್ತು. ಕರೆಯುವುದು ಮಾತ್ರ ಪುಟ್ಟ ಅಂತ!

ಪುಟ್ಟನ ಯಜಮಾನ, ಎದುರು ಮನೆಯ ಸೋಫಾ ರಿಪೇರಿಯವನು, ಓಡಿ ಬಂದು ಅಮ್ಮನನ್ನು ಎಬ್ಬಿಸಿ ಕೂರಿಸಿದ. ಅವನು ಬಾಡಿಗೆಗೆ ಬಂದು ಕೆಲವು ತಿಂಗಳಾಗಿದ್ದರೂ ಅವಳು ಅವನನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ಪುಟ್ಟ ಕೆಡವಲಿಲ್ಲ ಕಣ್ರೀ..." ಎಂದವನು ಅಮ್ಮನ ಮುಖ ನೋಡಿ ಸುಮ್ಮನಾದ.

ಆ ಮೌನ ಅವಳ ಮೈಯುರಿಸಿತು. ತಪ್ಪು ಒಪ್ಪಿಕೊಳ್ಳುವ ಬಾಯಾದರೂ ಬೇಡವೇ?

ಅಂದಿನಿಂದ ದಿನವೂ ಅವನ ಬಾಗಿಲು ತಟ್ಟಿದಳು, ನಾಯಿಯನ್ನು ಬೇರೆಡೆ ಬಿಡಿ ಎಂದು ಜಗಳವಾಡಲು. ಪುಟ್ಟ ಬಂದು ತನ್ನ ಇಡೀ ಭಾರವನ್ನು ಅವಳ ಸೊಂಟಕ್ಕೆ ಹಾಕಿ ಒರಗುತ್ತಿತ್ತು. ಈ ಜಾತಿಯೇ ಹೀಗೆ, ಮನೆಯವರು ಅನ್ನಿಸಿದರೆ ಹೀಗೇ ಒರಗುತ್ತೆ, ತಾನೆಷ್ಟು ದೊಡ್ಡದೆಂದು ಅದಕ್ಕೇ ಗೊತ್ತಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ನಗುತ್ತಾ ಹೇಳುತ್ತಿದ್ದ. ಒಮ್ಮೆಯೂ ತಿರುಗಿ ಬೈಯಲಿಲ್ಲ. ಹಾಳಾದವನು! ಹೀಗೆ ನಗುತ್ತಿದ್ದರೆ ಸಿಟ್ಟು ಉಳಿಸಿಕೊಳ್ಳುವುದಾದರೂ ಹೇಗೆ?

ಆದರೂ ಪಟ್ಟು ಬಿಡದೆ ಮನೆ ಮಾಲೀಕರಿಗೆ ದೂರು ಕೊಟ್ಟಳು. ಭಾನುವಾರ ಪುಟ್ಟನನ್ನು ಅವನ ಅಕ್ಕನ ತೋಟಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಗೆದ್ದೆ ಎಂದುಕೊಂಡಳು.

ಭಾನುವಾರ ಅವಳು ಬಾಗಿಲಲ್ಲೇ ನಿಂತು ನೋಡಿದಳು. ಪುಟ್ಟ ಒಂದು ಮೆಟ್ಟಿಲು ಇಳಿದು ನಿಂತಿತು. ತಿರುಗಿ ನೋಡಿತು. ಕಾದಿತು. ಮತ್ತೊಂದು ಇಳಿದು ಮತ್ತೆ ನಿಂತಿತು. ಅವನು ಎಳೆದರೂ ಜಗ್ಗಲಿಲ್ಲ.

"ಯಾಕೆ ಹಾಗೆ ನಿಲ್ಲುತ್ತೆ?"

ಒಳಗಿಂದ ಬಂದ ಅಮ್ಮ ಅವಳನ್ನು ದಾಟಿ, ಪುಟ್ಟನ ಬೆನ್ನ ಮೇಲೆ ಕೈಯೂರಿ ಒಂದು ಮೆಟ್ಟಿಲು ಇಳಿದಳು. ಪುಟ್ಟನೂ ಇಳಿಯಿತು. ಇಬ್ಬರ ಹೆಜ್ಜೆಯೂ ಒಂದೇ.

"ನನಗೇ ಕಾಯ್ತಿರೋದು ಕಣೇ," ಎಂದಳು ಅಮ್ಮ. "ದಿನಾ ಮಧ್ಯಾಹ್ನ ಪುಟ್ಟನ ಜೊತೆ ಕೆಳಗೆ ಹೋಗಿ ಬರ್ತೀನಿ. ಅವತ್ತು ತಲೆ ಸುತ್ತಿ ಬಿದ್ದೆ. ಉರುಳದ ಹಾಗೆ ಅಡ್ಡ ಮಲಗಿದ. ತಲೆಸುತ್ತಿನ ವಿಷಯ ನಿಂಗೆ ಹೇಳಬೇಡಪ್ಪ ಅಂತ ನಾನೇ ಈ ಹುಡುಗನ ಹತ್ರ ಮಾತು ತಗೊಂಡಿದ್ದೆ. ಗೊತ್ತಾದ್ರೆ ನನ್ನ ಹೊರಗೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ನಿಜ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನಮ್ಮಮ್ಮನ ತಲೆಸುತ್ತು ನಾಯಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ! ಅಮ್ಮಾ, ನಾಳೆ ಡಾಕ್ಟರ್ ಹತ್ರ ಹೋಗ್ತೀವಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಇಳಿ." ಅವನತ್ತ ತಿರುಗಿದಳು. "ನೀವು... ಬಾಯಿ ಬಿಡೋ ಬದಲು ಪುಟ್ಟನ್ನೇ ಕಳಿಸೋಕೆ ಹೊರಟ್ರಲ್ಲ?"

"ಹಿರಿಯರಿಗೆ ಕೊಟ್ಟ ಮಾತು. ಪುಟ್ಟ ಹೋದ್ರೆ ನೀವೂ ಬರಲ್ಲ ಅನ್ನೋದು ನೆನೆದೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ನಾನು ಬರ್ತಿದ್ದದ್ದು ಬೈಯೋಕೆ."

"ಬೈಗುಳ ಆದ್ರೂ ಸಾಕಿತ್ತು ನನಗೆ."

ಪುಟ್ಟ ಮೆಟ್ಟಿಲು ಹತ್ತಿ ಬಂದು ಎಂದಿನಂತೆ ಅವಳಿಗೆ ಒರಗಿತು. ಆ ಭಾರಕ್ಕೆ ಅವಳು ಜಾರಿ ಅವನ ಭುಜಕ್ಕೆ ತಾಗಿ ನಿಂತಳು. ಅಮ್ಮ ಬೇಕೆಂದೇ ಗೋಡೆಯ ಕಡೆ ತಿರುಗಿದಳು.

"ಸರಿಯೋಕೆ ಹೇಳ್ಲಾ ಪುಟ್ಟನಿಗೆ?" ಎಂದು ಅವನು ಕೇಳಿದ.

"ನಂಗಿನ್ನೂ ಸಿಟ್ಟು ಇಳಿದಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಇಳಿಯೋವರೆಗೂ ಹೀಗೇ ಇರಲಿ."